ತಂಪಿನ ಮನೆಯ ಕತ್ತಲು ಮತ್ತು ಒಂದು ಮೊಬೈಲ್: ಚಿತ್ತಾಪುರ ತಾಲ್ಲೂಕಿನ ಬಾಲಕಿಯೊಬ್ಬಳ ಕಣ್ಣಿನ ಪ್ರಕರಣ

ಬಾಲಕಿಗೆ ಒಂಬತ್ತು ವರ್ಷ. ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ತಂದೆ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ, ಊರಿಗೆ ಬರುವುದು ಹಬ್ಬಕ್ಕೆ ಮತ್ತು ಮದುವೆ ಮುಂಜಿಗೆ. ತಾಯಿ ಹೊಲದ ಕೂಲಿಗೆ ಹೋಗುತ್ತಾರೆ. ಮನೆಯಲ್ಲಿ ಅಜ್ಜಿ, ಎರಡು ವರ್ಷದ ತಮ್ಮ ಮತ್ತು ಮೂಲೆಯಲ್ಲಿ ಗಾಜು ಬಿರುಕು ಬಿಟ್ಟ ಒಂದು ಮೊಬೈಲ್. ತಾಯಿಯ ಒಪ್ಪಿಗೆಯ ಮೇರೆಗೆ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಕಣ್ಣಿನ ವಿಭಾಗದಲ್ಲಿ ದೃಷ್ಟಿ ಪರೀಕ್ಷೆ ನನ್ನ ಕೆಲಸ. ಚಿಕಿತ್ಸೆಯ ತೀರ್ಮಾನ ನಮ್ಮ ನೇತ್ರತಜ್ಞರದು.

ದಿನವೂ ಇಂಥ ಮಕ್ಕಳು ಬರುತ್ತಾರೆ. ಹೆತ್ತವರ ಮೊದಲ ಮಾತು ಒಂದೇ: "ಮೊಬೈಲ್ ನೋಡಿ ನೋಡಿ ಕಣ್ಣು ಕೆಟ್ಟಿದೆ." ಅರ್ಧ ಸತ್ಯದ ಮಾತದು. ಉಳಿದರ್ಧ ಎಲ್ಲಿದೆ ಎಂಬುದು ಈ ಬಾಲಕಿಯ ಮನೆಗೆ ಹೋದ ಮೇಲೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಈ ಒಂದು ಪ್ರಕರಣವನ್ನು ಆರಿಸಿಕೊಂಡದ್ದು ಅದಕ್ಕಾಗಿ.

ಲೆಕ್ಕ ಸರಿ, ಅಂಕಿ ತಪ್ಪು

ದೋಷ ಮೊದಲು ಗೊತ್ತಾದದ್ದು ಅವಳ ಗಣಿತದ ಶಿಕ್ಷಕಿಗೆ. ಕರಿಹಲಗೆಯ ಮೇಲೆ 86 ಎಂದಿದ್ದರೆ ಅವಳ ಪುಸ್ತಕದಲ್ಲಿ 66 ಇರುತ್ತಿತ್ತು. ಆ 66ಕ್ಕೆ ಕೂಡಿಸಿದ ಉತ್ತರ ಮಾತ್ರ ಚಾಚೂ ತಪ್ಪಿರಲಿಲ್ಲ. ಬುದ್ಧಿ ಚುರುಕಾಗಿದೆ, ಕಣ್ಣಿಗೆ ಕಾಣುತ್ತಿಲ್ಲ ಎಂದು ಶಿಕ್ಷಕಿ ಅದರಿಂದಲೇ ಊಹಿಸಿದರು. ಗಮನವಿಟ್ಟು ನೋಡಿದಾಗ ಇನ್ನೆರಡು ವಿಷಯ ಕಂಡವು. ಹುಡುಗಿ ಕಣ್ಣು ಕಿರಿದು ಮಾಡಿ ಹಲಗೆ ನೋಡುತ್ತಾಳೆ. ಆಗದಿದ್ದಾಗ ಪಕ್ಕದವಳ ಪುಸ್ತಕ ನೋಡಿ ಬರೆದುಕೊಳ್ಳುತ್ತಾಳೆ. ಹೊಡೆತ ತಿನ್ನಬಹುದಾಗಿದ್ದ ತಪ್ಪಿಗೆ ಕಣ್ಣಿನ ಪರೀಕ್ಷೆ ಮಾಡಿಸಲು ಹೊರಟ ಆ ಶಿಕ್ಷಕಿಯ ಬಗ್ಗೆ ನನಗೆ ಬಹಳ ಗೌರವ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಆ ತಂಡ ಶಾಲೆಗೆ ಬಂದ ದಿನ ಶಿಕ್ಷಕಿ ಇವಳನ್ನೇ ಮುಂದೆ ನಿಲ್ಲಿಸಿದರು. ಅಕ್ಷರದ ಹಲಗೆಯ ಮೇಲಿನ ಮೂರು ಸಾಲು ದಾಟಲಿಲ್ಲ. ಜಿಲ್ಲಾ ಕೇಂದ್ರಕ್ಕೆ ಕರೆದೊಯ್ಯಿರಿ ಎಂದು ಚೀಟಿ ಬರೆದುಕೊಟ್ಟರು.

ಕಲಬುರಗಿಗೆ ಹೋಗಿಬರುವುದೆಂದರೆ ತಾಯಿಗೆ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ಸಂತೆಗೆಂದು ಪೇಟೆಗೆ ಹೋದಾಗ ಅಲ್ಲಿನ ಚಷ್ಮಾ ಅಂಗಡಿಯಲ್ಲೇ ತೋರಿಸಿದರು. ಕಂಪ್ಯೂಟರ್ ಯಂತ್ರಕ್ಕೆ ಗದ್ದ ಇಡಿಸಿ, ಬಂದ ಅಂಕಿಯನ್ನು ಹಾಗೆಯೇ ಗಾಜಿಗೆ ಇಳಿಸಿದರು: ಬಲಗಣ್ಣಿಗೆ ಮೈನಸ್ 2.50, ಎಡಗಣ್ಣಿಗೆ ಮೈನಸ್ 2.25. ಮೊಬೈಲಿನಿಂದ ರಕ್ಷಣೆ ಎಂದು ಹೇಳಿ, ನೀಲಿ ಬೆಳಕು ತಡೆಯುವ ‘ಬ್ಲೂ ಕಟ್’ ಲೇಪನಕ್ಕೆ ಬೇರೆ ಹಣ ಪಡೆದರು. ಆ ಲೇಪನದಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲವೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಾಮರ್ಶೆ ಹೇಳಿದೆ. ಕೂಲಿಯ ದುಡ್ಡು ಹೀಗೆ ಪೋಲಾಗುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಚಷ್ಮಾ ಹಾಕಿದ ವಾರದೊಳಗೆ ತಲೆನೋವು ಶುರುವಾಯಿತು. ಓದಲು ಕುಳಿತರೆ ಅಕ್ಷರ ಕಲಸಿದಂತಾಗುತ್ತದೆ ಎಂದಳು. ಅಜ್ಜಿ ಚಷ್ಮಾವನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟು, ಮೊಮ್ಮಗಳಿಗೆ ದೃಷ್ಟಿ ತೆಗೆದರು. ಶಿಕ್ಷಕಿ ಬೆನ್ನು ಬಿಡಲಿಲ್ಲ. ಕೊನೆಗೆ ತಾಯಿ ಮಗಳು ಕಲಬುರಗಿಗೆ, ನಮ್ಮಲ್ಲಿಗೆ ಬಂದರು.

ಔಷಧಿ ಹಾಕಿದ ಮೇಲೆ ಕಂಡ ನಂಬರ್

ಚಷ್ಮಾ ಇಲ್ಲದೆ ಬಲಗಣ್ಣು 6/36, ಎಡಗಣ್ಣು 6/24. ಎಂದರೆ ಸಾಮಾನ್ಯ ಕಣ್ಣು 36 ಮೀಟರಿನಿಂದ ಓದುವ ಅಕ್ಷರವನ್ನು ಇವಳ ಬಲಗಣ್ಣು 6 ಮೀಟರಿಗೆ ಬಂದರಷ್ಟೇ ಓದುತ್ತದೆ. ಹತ್ತಿರದ ಓದು ಚೆನ್ನಾಗಿತ್ತು. ಮಾಲುಗಣ್ಣಿಲ್ಲ, ಕಾರ್ನಿಯಾ ಸ್ವಚ್ಛ. ನಮ್ಮ ಕಡೆಯ ಒಣ ಬಿಸಿಲು, ದೂಳಿಗೆ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಅಲರ್ಜಿಯ ತುರಿಕೆಯೂ ಇರಲಿಲ್ಲ. ಆದರೆ ಕಣ್ಣಿಗೆ ಬೆಳಕು ಬಿಟ್ಟು ನಂಬರ್ ಅಳೆಯುವ ರೆಟಿನೊಸ್ಕೋಪ್ ಹಿಡಿದು ನೋಡಿದಾಗ ಪಾಪೆಯೊಳಗಿನ ಬೆಳಕಿನ ಪಟ್ಟಿ ಒಂದೆಡೆ ನಿಲ್ಲುತ್ತಿರಲಿಲ್ಲ. ಈ ಗಳಿಗೆ ಒಂದು ನಂಬರ್, ಮರುಗಳಿಗೆ ಇನ್ನೊಂದು. ಕಣ್ಣೊಳಗಿನ ಸ್ನಾಯು ಬಿಗಿ ಹಿಡಿದು ಕುಳಿತಿದೆ ಎಂಬುದಕ್ಕೆ ಇದು ಗುರುತು.

ಹತ್ತಿರದ ವಸ್ತು ನೋಡುವಾಗ ಸಿಲಿಯರಿ ಸ್ನಾಯು ಸಂಕುಚಿಸಿ ಕಣ್ಣಿನ ಮಸೂರವನ್ನು ಉಬ್ಬಿಸುತ್ತದೆ. ಆ ದುಡಿಮೆಯನ್ನು ಲೆಕ್ಕ ಹಾಕಬಹುದು. ನೂರನ್ನು ಸೆಂಟಿಮೀಟರಿನ ದೂರದಿಂದ ಭಾಗಿಸಿದರೆ ಎಷ್ಟು ಡಯಾಪ್ಟರ್ (ಚಷ್ಮಾದ ನಂಬರ್ ಅಳೆಯುವುದೂ ಇದರಲ್ಲೇ) ಎಂಬುದು ಸಿಗುತ್ತದೆ. ಪುಸ್ತಕವನ್ನು 33 ಸೆಂಟಿಮೀಟರಿನಲ್ಲಿ ಹಿಡಿದರೆ ಮೂರು. ಮೂರು ಮೀಟರ್ ಆಚೆಯ ಟಿ.ವಿ.ಗೆ ಒಂದರ ಮೂರನೇ ಒಂದು ಭಾಗ. ತಾಯಿಯ ಮೊಬೈಲನ್ನು ಬಾಲಕಿಯ ಕೈಗೆ ಕೊಟ್ಟು, ಮನೆಯಲ್ಲಿ ನೋಡುವಂತೆಯೇ ನೋಡು ಎಂದೆ. ಮೊಣಕಾಲು ಮಡಚಿ, ಅದರ ಮೇಲೆ ಮೊಬೈಲ್ ಆನಿಸಿ, ಮುಖ ತಗ್ಗಿಸಿದಳು. ಅಳತೆಪಟ್ಟಿ ಹಿಡಿದರೆ 18 ಸೆಂಟಿಮೀಟರ್. ಐದೂವರೆ ಡಯಾಪ್ಟರ್ ದುಡಿಮೆ, ಅದೂ ತಾಸುಗಟ್ಟಲೆ. ನಮ್ಮೊಂದಿಗೆ ಮಾತನಾಡುವಾಗ ಸಹಜವಾಗಿ ರೆಪ್ಪೆ ಬಡಿಯುತ್ತಿದ್ದವಳು ಆ ಹೊತ್ತಿನಲ್ಲಿ ನಿಮಿಷಕ್ಕೆ ಐದು ಸಲವೂ ಬಡಿಯಲಿಲ್ಲ. ಸಂಜೆ ಕಣ್ಣು ಉರಿಯುತ್ತದೆ ಎಂಬ ದೂರಿಗೆ ಕಾರಣ ಅಲ್ಲಿಯೇ ಇತ್ತು.

ತುಂಬಿದ ಕೊಡ ಹೊತ್ತು ತಂದ ಕೈಬೆರಳು, ಕೊಡ ಇಳಿಸಿದ ಮೇಲೂ ಕೆಲ ಹೊತ್ತು ಬಿಚ್ಚಿಕೊಳ್ಳುವುದಿಲ್ಲ. ಸಿಲಿಯರಿ ಸ್ನಾಯುವಿಗೂ ಅದೇ ಆಗುತ್ತದೆ. ಸ್ನಾಯು ಬಿಗಿದುಕೊಂಡ ಕಣ್ಣು ಯಂತ್ರಕ್ಕೆ ದೊಡ್ಡ ಮೈನಸ್ ನಂಬರಿನ ಕಣ್ಣಾಗಿಯೇ ತೋರುತ್ತದೆ. ಆದ್ದರಿಂದ ಮಕ್ಕಳಿಗೆ ಮೊದಲ ಸಲ ಚಷ್ಮಾ ಬರೆಯುವ ಮುನ್ನ ಸ್ನಾಯುವನ್ನು ಸಡಿಲಿಸುವ ಹನಿ ಹಾಕಿ ಪರೀಕ್ಷಿಸಲೇಬೇಕು. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಸೈಕ್ಲೊಪೆಂಟೊಲೇಟ್ ಹನಿ ಹಾಕಿದೆವು. ಚುರುಗುಟ್ಟುತ್ತದೆ, ಅತ್ತಳು. ಪಾಪೆ ಹಿಗ್ಗಿದ ಮೇಲೆ ನೋಡಿದರೆ ಬಲಗಣ್ಣು ಮೈನಸ್ 1.00, ಎಡಗಣ್ಣು ಮೈನಸ್ 0.75. ಅಂಗಡಿಯ ಗಾಜಿನಲ್ಲಿದ್ದ ಉಳಿದ ಒಂದೂವರೆ ನಂಬರ್ ಕಣ್ಣಿನದಾಗಿರಲಿಲ್ಲ, ಬಿಗಿದ ಸ್ನಾಯುವಿನದು. ಆ ಗಾಜು ಹಾಕಿಕೊಂಡು ಪುಸ್ತಕ ನೋಡಲು ಕಣ್ಣು ಮೊದಲಿಗಿಂತ ಹೆಚ್ಚು ದುಡಿಯಬೇಕಾಗಿತ್ತು. ತಲೆನೋವು ಬಂದದ್ದು ಅದರಿಂದ. ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರವಾದ ರೆಟಿನಾ ಎರಡೂ ಕಣ್ಣಿನಲ್ಲಿ ಆರೋಗ್ಯವಾಗಿತ್ತು.

ತಾಯಿಗೆ ಸಂತೋಷವಾಯಿತು: "ಔಷಧಿ ಹಾಕಿದ್ದಕ್ಕೆ ನಂಬರ್ ಇಳಿಯಿತು." ಹಾಗಲ್ಲ ಎಂದು ಕೂರಿಸಿ ಹೇಳಬೇಕಾಯಿತು. ಹನಿಯಿಂದ ರೋಗ ಹೋಗಿಲ್ಲ. ನಿಜವಾದ ನಂಬರ್ ಕಂಡಿದೆ ಅಷ್ಟೇ. ಆ ಒಂದು ನಂಬರ್ ಸಮೀಪದೃಷ್ಟಿ, ಎಂದರೆ ದೂರದ್ದು ಮಸುಕಾಗಿ ಕಾಣುವ ದೋಷ, ಖಂಡಿತ ಇದೆ. ಕಣ್ಣುಗುಡ್ಡೆ ಹಿಂದುಮುಂದಾಗಿ ಇರಬೇಕಾದ್ದಕ್ಕಿಂತ ಉದ್ದ ಬೆಳೆದಿದೆ. ಸುಮಾರು 24 ಮಿಲಿಮೀಟರಿನ ಆ ಗುಡ್ಡೆ ಒಂದೇ ಒಂದು ಮಿಲಿಮೀಟರ್ ಹೆಚ್ಚು ಉದ್ದವಾದರೆ ಎರಡೂವರೆ ನಂಬರ್ ಏರುತ್ತದೆ, ಬೆಳೆದದ್ದು ಮತ್ತೆ ಕುಗ್ಗುವುದಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಶುರುವಾದದ್ದು ಹದಿನೈದು ಹದಿನಾರು ವಯಸ್ಸಿನವರೆಗೂ ಏರುತ್ತಿರಬಹುದು. ನಂಬರ್ ತೀರ ಹೆಚ್ಚಾದ ಕಣ್ಣಿಗೆ ಮುಂದೆ ರೆಟಿನಾ ಕಳಚುವ ಅಪಾಯವೂ ಹೆಚ್ಚು.

"ಹಾಗಾದರೆ ಇನ್ನೂ ಸ್ವಲ್ಪ ಕಡಿಮೆ ನಂಬರೇ ಕೊಡಿ, ಬೆಳೆಯದಿರಲಿ" ಎಂದರು. ಎಷ್ಟೋ ತಾಯಂದಿರ ಕೋರಿಕೆ ಇದು. ಬೇಕೆಂದೇ ಕಡಿಮೆ ನಂಬರ್ ಕೊಟ್ಟು ನೋಡಿದ ಮಲೇಷ್ಯಾದ ಪ್ರಯೋಗವೊಂದರಲ್ಲಿ (2002) ಆ ಮಕ್ಕಳ ನಂಬರೇ ಹೆಚ್ಚು ವೇಗವಾಗಿ ಏರಿತ್ತು. ಪೂರ್ಣ ನಂಬರನ್ನೇ ಕೊಟ್ಟೆವು. ಹೊಸ ಗಾಜಿನಲ್ಲಿ ಎರಡೂ ಕಣ್ಣು 6/6. ನಂಬರ್ ಏರುವ ವೇಗ ತಗ್ಗಿಸಲು ಬಳಸುವ ಕಡಿಮೆ ಪ್ರಮಾಣದ ಅಟ್ರೊಪಿನ್ ಹನಿಯ ಬಗ್ಗೆ ನೇತ್ರತಜ್ಞರು ಯೋಚಿಸಿ ಬಿಟ್ಟರು. ನಂಬರ್ ಎಷ್ಟು ವೇಗವಾಗಿ ಏರುತ್ತಿದೆ ಎಂಬುದಕ್ಕೆ ಹಿಂದಿನ ದಾಖಲೆ ಇಲ್ಲ. ದಿನಾ ರಾತ್ರಿ ವರ್ಷಗಟ್ಟಲೆ ಹಾಕಬೇಕಾದ ಔಷಧಿಯದು. ಮೊದಲು ದಿನಚರಿ ನೋಡೋಣ ಎಂದರು.

ಅಂದು ಮಧ್ಯಾಹ್ನ ಹಿಗ್ಗಿದ ಪಾಪೆಗೆ ಬಿಸಿಲು ತಾಳದೆ ಹುಡುಗಿ ತಾಯಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡೇ ಬಸ್ ನಿಲ್ದಾಣದತ್ತ ನಡೆದಳು.

ಮನೆ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಹಳ್ಳಿಗಳನ್ನು ನೋಡಿದವರಿಗೆ ಆ ಮನೆಗಳ ಪರಿಚಯವಿದೆ. ಗೋಡೆ ಕಲ್ಲು, ನೆಲ ಕಲ್ಲು, ಎಷ್ಟೋ ಕಡೆ ಮಾಳಿಗೆಯೂ ಕಲ್ಲು. ಶಹಾಬಾದ್ ಪರಸಿಯ, ಎಂದರೆ ಚಪ್ಪಡಿ ಕಲ್ಲಿನ, ಸೀಮೆ ಇದು. ಗೋಡೆ ದಪ್ಪ, ಕಿಟಕಿ ಸಣ್ಣದು, ಕೆಲವೊಮ್ಮೆ ಇಲ್ಲವೇ ಇಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಮೇ ತಿಂಗಳಲ್ಲಿ ಪಾರಾ 43, 44 ಡಿಗ್ರಿ ಮುಟ್ಟುವ ನಾಡಿನಲ್ಲಿ ಹಿರಿಯರು ಬಿಸಿಲನ್ನು ಹೊರಗಿಡಲೆಂದೇ ಕಟ್ಟಿದ ಮನೆಗಳು. ಒಳಗೆ ಕಾಲಿಟ್ಟರೆ ತಂಪು. ಆದರೆ ಬಿಸಿಲಿನೊಡನೆ ಬೆಳಕೂ ಹೊರಗುಳಿಯುತ್ತದೆ.

ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಇಟ್ಟುಕೊಂಡಿದ್ದೆ. ಪ್ರಯೋಗಾಲಯದ ನಿಖರತೆ ಅದಕ್ಕಿಲ್ಲ, ಆದರೆ ಇಲ್ಲಿನ ವ್ಯತ್ಯಾಸಕ್ಕೆ ನಿಖರತೆ ಬೇಕಾಗಿರಲಿಲ್ಲ. ಬಾಲಕಿ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುವ ನಡುಮನೆಯ ಕಂಬದ ಬುಡದಲ್ಲಿ ಹಗಲು ಹನ್ನೊಂದಕ್ಕೆ 40 ಲಕ್ಸ್ (ಬೆಳಕಿನ ಅಳತೆಯ ಮಾನ) ಆಸುಪಾಸು. ಹೊಸ್ತಿಲಿಗೆ ಬಂದರೆ ನೂರುಗಳಲ್ಲಿ. ಅಂಗಳ ದಾಟಿ ಬೇವಿನ ಮರದ ಕೆಳಗಿನ ಕಟ್ಟೆಗೆ ಬಂದರೆ, ನೆರಳಿನಲ್ಲಿಯೇ, ಐದು ಸಾವಿರ ಮೀರಿತು. ಬಯಲಿನ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೂ ಹೋಗುತ್ತದೆ. ಅಲ್ಲಿ ಮಗುವನ್ನು ನಿಲ್ಲಿಸಿ ಎಂದು ಯಾರೂ ಹೇಳುತ್ತಿಲ್ಲ.

ಈ ಅಂಕಿಗಳ ಮಹತ್ವ ಏನೆಂದರೆ, ಹಗಲಿನ ಬೆಳಕು ಕಣ್ಣಿಗೆ ಬಿದ್ದಾಗ ರೆಟಿನಾದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಗುಡ್ಡೆಯ ಬೆಳವಣಿಗೆಗೆ ಕಡಿವಾಣ ಬೀಳುತ್ತದೆ ಎಂಬುದು ಇಂದು ಹೆಚ್ಚಿನ ಸಂಶೋಧಕರು ಒಪ್ಪುವ ವಿವರಣೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟು ಮೂರು ವರ್ಷ ಗಮನಿಸಿದರು. ಹೊರಗೆ ಬಿಟ್ಟವರಲ್ಲಿ ಶೇ 30.4 ಮಕ್ಕಳಿಗೆ, ಉಳಿದವರಲ್ಲಿ ಶೇ 39.5 ಮಕ್ಕಳಿಗೆ ಸಮೀಪದೃಷ್ಟಿ ಹೊಸದಾಗಿ ಬಂತು. 2015ರಲ್ಲಿ ಪ್ರಕಟವಾದ ಅಧ್ಯಯನವಿದು. ಪುಸ್ತಕ ಕಸಿದುಕೊಂಡಿರಲಿಲ್ಲ, ಹೊರಗೆ ಬಿಟ್ಟಿದ್ದರು, ಅಷ್ಟೇ. ತೈವಾನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಉರಿಬಿಸಿಲೇ ಬೇಕಿಲ್ಲ, ಮರದ ನೆರಳು, ಪಡಸಾಲೆಯಂಥ ಜಾಗದ ಸಾವಿರ ಲಕ್ಸ್ ಮೀರಿದ ಬೆಳಕೂ ಹೆಚ್ಚು ಹೊತ್ತು ಸಿಕ್ಕರೆ ಪ್ರಯೋಜನವಿದೆ ಎಂದು ಅದು ಹೇಳಿತು. ಕಲಬುರಗಿ, ಯಾದಗಿರಿಯ ಹೆತ್ತವರಿಗೆ ಇದಕ್ಕಿಂತ ಬೇಕಾದ ಮಾತು ಇನ್ನೊಂದಿಲ್ಲ. ದಿನಕ್ಕೆ ಎರಡು ತಾಸು ಹೊರಗೆ ಆಡಿಸಿ ಎಂದು ನಾವು ಹೇಳಿದಾಗ "ಈ ಬಿಸಿಲಿನಲ್ಲಾ?" ಎಂದು ಅವರು ಕೇಳುವುದು ನ್ಯಾಯವಾದ ಪ್ರಶ್ನೆ.

ಬಾಲಕಿಯ ಒಂದು ವಾರದ ದಿನಚರಿ ಬರೆಸಿದೆವು. ಶಿಕ್ಷಕಿಯೇ ಬರೆದುಕೊಟ್ಟರು. ಶಾಲೆ ಬಿಟ್ಟು ಮನೆಗೆ ಬಂದ ಕೂಡಲೇ ತಮ್ಮನನ್ನು ನೋಡಿಕೊಳ್ಳುವ ಕೆಲಸ ಇವಳದು. ಅಜ್ಜಿಗೆ ಮೊಣಕಾಲು ನೋವು, ಓಡುವ ಮಗುವಿನ ಹಿಂದೆ ಓಡಲಾರರು. ಮೊಬೈಲ್ ಹಚ್ಚಿದರೆ ಮಗು ಕೂತಲ್ಲಿ ಕೂರುತ್ತದೆ. ಅಕ್ಕ ಹಿಡಿದುಕೊಳ್ಳಬೇಕು, ಇಬ್ಬರೂ ನೋಡಬೇಕು. ತಾಯಿ ಹೊಲದಿಂದ ಬಂದು ರೊಟ್ಟಿ ಬಡಿದು ಮುಗಿಸುವವರೆಗೆ ಹೀಗೆಯೇ. ಶಾಲೆಯಿದ್ದ ದಿನ ಮೂರು ತಾಸಿನಷ್ಟು, ಭಾನುವಾರ ಅದರ ಎರಡರಷ್ಟು. ಶಾಲೆಯ ಬಿಡುವು ಬಿಟ್ಟರೆ ಹೊರಗಿನ ಬೆಳಕಿನಲ್ಲಿ ಕಳೆದದ್ದು ದಿನಕ್ಕೆ ಅರ್ಧ ತಾಸೂ ಇಲ್ಲ. ಅದೇ ಓಣಿಯ ಗಂಡುಮಕ್ಕಳು ಸಂಜೆ ಕತ್ತಲಾಗುವವರೆಗೆ ಕ್ರಿಕೆಟ್ ಆಡುತ್ತಿದ್ದರು. ಹೆಣ್ಣುಮಗುವಿನ ಕಣ್ಣಿನ ವಿಚಾರದಲ್ಲಿ ಇದನ್ನು ಬರೆಯದೆ ಬಿಡಲಾಗದು. ಮೊಬೈಲ್ ಚಟ ಎಂದು ಎಲ್ಲರೂ ಬೈಯುತ್ತಿದ್ದ ಆ ಹುಡುಗಿ ಮಾಡುತ್ತಿದ್ದುದು ಮನೆಗೆಲಸ.

ಕಸಿದುಕೊಂಡರೆ ಆಗುತ್ತಿರಲಿಲ್ಲ

ಮೊಬೈಲ್ ಬಚ್ಚಿಡಿ ಎಂದು ಹೇಳಿ ಕಳಿಸುವುದು ಸುಲಭವಿತ್ತು. ಆದರೆ ಮಗುವನ್ನು ಯಾರು ನೋಡಿಕೊಳ್ಳಬೇಕು? ಇನ್ನೊಂದೂ ಇತ್ತು. ರಾತ್ರಿ ಒಂಬತ್ತಕ್ಕೆ ಹೈದರಾಬಾದಿನಿಂದ ತಂದೆಯ ವಿಡಿಯೊ ಕರೆ ಬರುತ್ತದೆ. ಎರಡು ವರ್ಷದ ಮಗನಿಗೆ ತಂದೆ ಎಂದರೆ ಆ ಪರದೆಯ ಮೇಲಿನ ಮುಖ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಎನ್ನುವ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ ಕೂಡ ಬಂಧುಗಳ ವಿಡಿಯೊ ಕರೆಗೆ ವಿನಾಯಿತಿ ಕೊಟ್ಟಿದೆ. ಎರಡರಿಂದ ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ತಾಸು, ಐದರಿಂದ ಹತ್ತರವರೆಗೆ ಎರಡು ತಾಸಿನೊಳಗೆ ಎಂಬುದು ಅದರ ಮಿತಿ.

ಕರೆಯನ್ನು ಬಿಡಲಿಲ್ಲ, ದೂರವನ್ನು ಬದಲಿಸಿದೆವು. ಗೋಡೆಯ ಗೂಡಿನಲ್ಲಿ ಮೊಬೈಲ್ ನಿಲ್ಲಿಸಿ, ಎಲ್ಲರೂ ಎದುರಿಗೆ ಚಾಪೆ ಹಾಕಿ ಕುಳಿತು ಮಾತನಾಡುವುದು. ತಂದೆಯೂ ಒಪ್ಪಿದರು, ಹಾಗೆ ಕುಳಿತರೆ ಇಡೀ ಮನೆ ಒಟ್ಟಿಗೆ ಕಾಣುತ್ತದೆ ಎಂದರು. ಕಾರ್ಟೂನ್ ಬೇಕಾದರೆ ಟಿ.ವಿ.ಯಲ್ಲಿ, ಬಾಗಿಲ ಬಳಿ ಕುಳಿತು, ದೀಪ ಹಚ್ಚಿಕೊಂಡು. ಇಪ್ಪತ್ತು ನಿಮಿಷಕ್ಕೊಮ್ಮೆ ಆರು ಮೀಟರ್ ಆಚೆ ನೋಡಿ ಎಂಬ ನಿಯಮವನ್ನು ಗಡಿಯಾರ ನೋಡದ ಮನೆಗೆ ಹೇಳಿ ಪ್ರಯೋಜನವಿಲ್ಲ. ಬದಲಿಗೆ ಜಾಹೀರಾತು ಬಂದಾಗಲೆಲ್ಲ ಎದ್ದು ಹೊಸ್ತಿಲಿಗೆ ಹೋಗಿ ಬೇವಿನ ಮರದ ತುದಿ ನೋಡಿ ಬಾ ಎಂದೆವು. ಅದು ಅವಳಿಗೆ ಹಿಡಿಸಿತು.

ಮಗುವಿನ ಪ್ರಶ್ನೆಗೆ ಉತ್ತರ ಅಜ್ಜಿಯಿಂದಲೇ ಬಂತು. ಸಂಜೆ ತಾನು ಕಟ್ಟೆಯ ಮೇಲೆ ಕೂರುತ್ತೇನೆ, ಅಲ್ಲಿ ಓಣಿಯ ಇನ್ನೂ ನಾಲ್ಕು ಮುದುಕಿಯರು ಇರುತ್ತಾರೆ, ಮಗು ಎಲ್ಲರ ಕಣ್ಣೆದುರು ಇರುತ್ತದೆ, ಮೊಮ್ಮಗಳು ಆಡಿಕೊಳ್ಳಲಿ ಎಂದರು. ಯಾವ ಮಾರ್ಗಸೂಚಿಯಲ್ಲೂ ಇಲ್ಲದ ಈ ಏರ್ಪಾಡೇ ಮುಂದೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಬಟಾಣಿ ಸುಲಿಯುವುದು, ಅಕ್ಕಿ ಆರಿಸುವುದು, ಶಾಲೆಯ ಮನೆಪಾಠ, ಎಲ್ಲವೂ ಕಟ್ಟೆಗೆ ಬಂದವು. ಬೇಸಿಗೆ ರಜೆಗೆ ಬೇರೆ ವೇಳೆ ಗೊತ್ತು ಮಾಡಿದೆವು: ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಸಂಜೆ ಐದೂವರೆಯಿಂದ ಹೊತ್ತು ಮುಳುಗುವವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಮುಚ್ಚುತ್ತವೆ. ದೊಡ್ಡವರ ದಿನಚರಿಯನ್ನು ಬಿಸಿಲಿಗೆ ಹೊಂದಿಸಿಕೊಂಡಿರುವಾಗ ಮಕ್ಕಳದ್ದನ್ನೂ ಹೊಂದಿಸಬಹುದು.

ಶಾಲೆಯಲ್ಲಿ ಕನ್ನಡದ ಓದಿನ ಅವಧಿ ಮರದ ಕೆಳಗೆ ನಡೆಯತೊಡಗಿತು. ಹುಡುಗಿಗೆ ಮುಂದಿನ ಸಾಲು ಸಿಕ್ಕಿತು.

ಒಂದು ವರ್ಷ

ನೇರವಾಗಿ ಸಾಗಿತು ಎಂದರೆ ಸುಳ್ಳಾಗುತ್ತದೆ. ‘ನಾಲ್ಕು ಕಣ್ಣು’ ಎಂದು ಹುಡುಗರು ಕಾಡಿಸಿದ್ದಕ್ಕೆ ಚಷ್ಮಾ ಶಾಲಾಚೀಲದ ತಳ ಸೇರಿತ್ತು; ಶಿಕ್ಷಕಿ ತರಗತಿಯ ಎಲ್ಲರನ್ನೂ ಅಕ್ಷರದ ಹಲಗೆಯ ಮುಂದೆ ನಿಲ್ಲಿಸಿದಾಗ ಇನ್ನಿಬ್ಬರಿಗೂ ಕಾಣುತ್ತಿಲ್ಲವೆಂದು ತಿಳಿದು ಆ ಗೇಲಿ ತಣ್ಣಗಾಯಿತು. ಚಷ್ಮಾ ಹಾಕಿದ ಹೆಣ್ಣನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ನೆರೆಯವರೊಬ್ಬರು ಅಂದ ಮಾತು ತಾಯಿಯನ್ನು ಬಹಳ ದಿನ ಕೊರೆಯಿತು. ಹದಿನೆಂಟರ ನಂತರ, ನಂಬರ್ ನಿಂತ ಮೇಲೆ, ಚಷ್ಮಾ ಬಿಡಲು ಬೇರೆ ದಾರಿಗಳಿವೆ. ಈಗ ಅವಳಿಗೆ ಹಲಗೆ ಕಾಣಬೇಕು ಎಂದು ಹೇಳಿದೆವು. ಡಿಸೆಂಬರ್, ಜನವರಿಯ ತೊಗರಿ ಕಟಾವಿನಲ್ಲಿ ಎಲ್ಲ ಏರ್ಪಾಡೂ ಕುಸಿಯಿತು. ಆಗ ಇಡೀ ಜಿಲ್ಲೆಯೇ ಹೊಲದಲ್ಲಿರುತ್ತದೆ. ಓಣಿಯ ಮುದುಕಿಯರೂ ಕಟ್ಟೆ ಬಿಟ್ಟು ರಾಶಿಯ ಕಣಕ್ಕೆ ಹೋದರು, ಮೊಬೈಲ್ ಮತ್ತೆ ಮಕ್ಕಳ ಕೈಗೆ ಬಂತು. ಅದೇ ಹೊತ್ತಿಗೆ ಅಕ್ಕನ ಚಷ್ಮಾದ ಕಡ್ಡಿಯನ್ನು ತಮ್ಮ ಮುರಿದ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಚಷ್ಮಾ ಉಚಿತವಾಗಿ ಸಿಗುತ್ತದೆ, ಆದರೆ ಮುರಿದ ಕಡ್ಡಿಯನ್ನು ಊರಲ್ಲಿ ಜೋಡಿಸುವವರಿಲ್ಲ. ಪೇಟೆಗೆ ಹೋಗಿ ಸರಿಪಡಿಸಿಕೊಂಡು ಬರುವವರೆಗೆ ವಾರಗಟ್ಟಲೆ ಅವಳು ಚಷ್ಮಾ ಇಲ್ಲದೆ ಕುಳಿತಳು. ನಮ್ಮ ಯೋಜನೆಗಳಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವ ಕೊರತೆ ಇದು.

ಆರು ತಿಂಗಳಿಗೆ ನೋಡಿದಾಗ ಸ್ನಾಯುವಿನ ಬಿಗಿತ ಇರಲಿಲ್ಲ. ಹನಿ ಹಾಕುವ ಮೊದಲೂ ನಂತರವೂ ನಂಬರ್ ಒಂದೇ. ತಲೆನೋವು ಹೋಗಿತ್ತು. ವರ್ಷ ತುಂಬಿದಾಗ ಬಲಗಣ್ಣು ಮೈನಸ್ 1.25, ಎಡಗಣ್ಣು ಮೈನಸ್ 1.00, ಎರಡರಲ್ಲೂ ಕಾಲು ನಂಬರ್ ಏರಿಕೆ. ಕಟ್ಟೆಯ ಬೆಳಕಿನಿಂದಲೇ ಏರಿಕೆ ಇಷ್ಟಕ್ಕೆ ನಿಂತಿತೆಂದು ಒಂದು ಮಗುವನ್ನು ಮುಂದಿಟ್ಟು ಸಾಧಿಸಲಾಗದು. ಸಮೀಪದೃಷ್ಟಿ ಶುರುವಾದ ಮೇಲೆ ಹೊರಬೆಳಕಿನ ಪರಿಣಾಮ ಕಡಿಮೆ, ಶುರುವಾಗುವುದನ್ನು ತಡೆಯುವಲ್ಲಿ ಅದರ ಬಲ ಹೆಚ್ಚು ಎಂಬುದೇ ಅಧ್ಯಯನಗಳ ಒಟ್ಟು ಮಾತು. ಹಾಗಾಗಿ ಆ ಕಟ್ಟೆಯಿಂದ ಅತಿ ಹೆಚ್ಚು ಲಾಭ ಆಗಬಹುದಾದದ್ದು ಅಕ್ಕನಿಗಲ್ಲ, ಇನ್ನೂ ನಂಬರ್ ಬಾರದ ತಮ್ಮನಿಗೆ.

ಈಗ ಅವನಿಗೆ ಮೂರು ತುಂಬಿ ಅಂಗನವಾಡಿಗೆ ಹೋಗುತ್ತಾನೆ. ಚಿತ್ರಗಳ ಹಲಗೆಯಿಂದ ಅವನ ಎರಡೂ ಕಣ್ಣನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದ್ದೇವೆ, ಸದ್ಯ ತೊಂದರೆಯಿಲ್ಲ. ಅಕ್ಕನಿಗೆ ಆರು ತಿಂಗಳಿಗೊಮ್ಮೆ ಹನಿ ಹಾಕಿ ಪರೀಕ್ಷೆ ಮುಂದುವರಿಯುತ್ತದೆ. ವರ್ಷಕ್ಕೆ ಅರ್ಧ ನಂಬರ್ ಮೀರಿ ಏರಿದರೆ ಅಟ್ರೊಪಿನ್ ಶುರು ಮಾಡುವುದೆಂದು ನೇತ್ರತಜ್ಞರು ಅವಳ ಕಡತದಲ್ಲಿ ಬರೆದಿಟ್ಟಿದ್ದಾರೆ. ತೊಗರಿ ಕಟಾವಿನ ಎರಡು ತಿಂಗಳು ಶಾಲೆ ಬಿಟ್ಟ ಮೇಲೆ ಒಂದು ತಾಸು ಮಕ್ಕಳನ್ನು ಶಾಲೆಯ ಅಂಗಳದಲ್ಲೇ ಆಡಿಸಲು ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ಆ ಹೊತ್ತಿನಲ್ಲಿ ಯಾರು ನೋಡಿಕೊಳ್ಳಬೇಕು ಎಂಬ ಮಾತುಕತೆ ಶಾಲಾ ಅಭಿವೃದ್ಧಿ ಸಮಿತಿಯಲ್ಲಿ ನಡೆಯುತ್ತಿದೆ.